ಮತ್ಸರದ ಬೀಜ ಮನೆಯಲ್ಲಿ

ಅರಿಷಡ್ವರ್ಗಗಳಲ್ಲಿ ಮತ್ಸರವನ್ನು ಕಡೆಯಲ್ಲಿ ಎಣಿಸುವುದು ವಾಡಿಕೆ. ಕಡೆಯದೆಂಬ ಮಾತ್ರಕ್ಕೆ ಅದು ಕಿರಿದಲ್ಲ. ಕಾಮಕ್ಕೆ ಸುಖದ ಆಸೆಯುಂಟು, ಲೋಭಕ್ಕೆ ಗಳಿಕೆಯ ಆಸೆಯುಂಟು. ಮತ್ಸರಕ್ಕೆ ಯಾವ ಲಾಭವೂ ಇಲ್ಲ. ಪರರ ಏಳ್ಗೆಯನ್ನು ಕಂಡು ಬೇಯುವುದೊಂದೇ ಅದರ ಕೆಲಸ. ಈ ವಿಷವು ಎಳೆಯರ ಹೃದಯದಲ್ಲಿಯೂ ಮೊಳೆಯುವುದೆಂಬುದನ್ನು ಹಿರಿಯರು ಸುಲಭವಾಗಿ ನಂಬುವುದಿಲ್ಲ. ಮಕ್ಕಳ ಜಗಳ, ಉಂಡೆದ್ದರೆ ಮರೆಯುವುದು ಎಂದು ಸುಮ್ಮನಾಗುವರು.

ಒಂದು ದೃಷ್ಟಾಂತವನ್ನು ಭಾವಿಸಬಹುದು. ಔರಾದ ಸೀಮೆಯ ಹಳ್ಳಿಯ ಬಾಲಕನೊಬ್ಬನು ಬೀದರ ನಗರದಲ್ಲಿ ಸೋದರಮಾವನ ಮನೆಯಲ್ಲಿದ್ದು ಶಾಲೆಗೆ ಸೇರಿದನು. ಅವನ ಕನ್ನಡದಲ್ಲಿ ಗಡಿಯ ಮರಾಠಿ ಬೆರೆತಿತ್ತು. ತೊಟ್ಟ ಅಂಗಿ ಹಳತಾಗಿತ್ತು. ಮೊದಲ ತಿಂಗಳು ತರಗತಿಯ ಮಕ್ಕಳು ಅವನೊಡನೆ ಬುತ್ತಿ ಬಿಚ್ಚಿ ಕೂಡಿ ಉಂಡರು. ಒಂದು ದಿನ ಯಾರಿಗೂ ಬಾರದ ಲೆಕ್ಕವನ್ನು ಅವನು ಬಿಡಿಸಿದನು. ಗುರುಗಳು ಬೆನ್ನು ತಟ್ಟಿದರು. ಅಂದಿನಿಂದ ಅವನ ಮಾತು ಅಣಕಕ್ಕೂ ಅಂಗಿ ನಗೆಗೂ ಗುರಿಯಾದುವು. ಬುತ್ತಿಯ ಪಂಕ್ತಿಯಲ್ಲಿ ಅವನಿಗೆ ಎಡೆಯಿಲ್ಲವಾಯಿತು. ಕಡೆಗೆ, ಅದುವರೆಗೆ ತರಗತಿಗೆ ಮೊದಲಿಗನಾಗಿದ್ದ ಹುಡುಗನ ಪೆನ್ನು ಅವನ ಚೀಲದಲ್ಲಿ ಸಿಕ್ಕಿತು. ಕಳ್ಳನೆಂಬ ಹೆಸರು ಬಿದ್ದಿತು. ಪೆನ್ನನ್ನು ಅಲ್ಲಿಟ್ಟ ಕೈ ಯಾವುದೆಂದು ನಾಲ್ವರು ಬಲ್ಲರು. ನಾಲ್ವರೂ ಬಾಯಿ ಬಿಡಲಿಲ್ಲ. ಬಾಲಕನು ಮರುದಿನವೇ ಔರಾದದ ಬಸ್ಸು ಹತ್ತಿದನು.

ಇಲ್ಲಿ ವಿಚಾರಿಸಬೇಕಾದುದು ಒಂದುಂಟು. ಅವನ ಮಾತೂ ಅಂಗಿಯೂ ಮೊದಲ ತಿಂಗಳಲ್ಲಿಯೂ ಅವೇ ಆಗಿದ್ದುವು. ಆಗ ಕಾಣದ ದೋಷ ಆಮೇಲೆ ಕಂಡುದೇಕೆ? ಮತ್ಸರವು ತನ್ನ ಹೆಸರನ್ನು ತಾನು ಹೇಳಿಕೊಳ್ಳುವುದಿಲ್ಲ. ನ್ಯಾಯದ ವೇಷವನ್ನು ತೊಟ್ಟುಕೊಂಡೇ ಬರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಇದೇ ನಾಡಿನ ಕಲ್ಯಾಣದಲ್ಲಿ ನಡೆದುದೂ ಇದೇ. ಬಸವಣ್ಣನವರ ಏಳ್ಗೆಯನ್ನು ಸಹಿಸದ ಆಸ್ಥಾನಿಕರು, ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿರುವರೆಂದು ಬಿಜ್ಜಳನಲ್ಲಿ ದೂರಿದರೆಂದು ಪುರಾಣಗಳು ಹೇಳುತ್ತವೆ. ಲೆಕ್ಕ ನೋಡಿದಾಗ ಒಂದು ಹಣವೂ ಕಡಿಮೆಯಿರಲಿಲ್ಲ. ಅಂದು ಭಂಡಾರ, ಇಂದು ಪೆನ್ನು; ಹೊರಿಸಿದ ಅಪವಾದ ಒಂದೇ, ಒಳಗಣ ಬೇಗೆಯೂ ಒಂದೇ.

ಈ ಬೇಗೆ ಎಳೆಯನಿಗೆ ಬಂದುದೆಲ್ಲಿಂದ? ದೃಷ್ಟಾಂತದ ಮುಂದಿನ ಭಾಗವು ಅದನ್ನು ತೋರುತ್ತದೆ. ಆ ರಾತ್ರಿ ಮೊದಲಿಗ ಹುಡುಗನು ಉಣ್ಣದೆ ಮಲಗಿದನು. ಅಜ್ಜಿಯು ಬಳಿ ಕುಳಿತು, "ಅವನು ಕದ್ದುದನ್ನು ನೀನು ಕಣ್ಣಾರೆ ಕಂಡೆಯೇನು, ಮಗಾ?" ಎಂದು ಕೇಳಿದಳು. ಹುಡುಗನು ಬಹಳ ಹೊತ್ತು ಸುಮ್ಮನಿದ್ದು, "ಅವನು ಬಂದ ಮೇಲೆ ಅಪ್ಪ ನನ್ನ ಮುಖ ನೋಡಿ ನಗುವುದೇ ಇಲ್ಲ, ಆಯಿ" ಎಂದನು. ತಂದೆ ಬಾಗಿಲಲ್ಲಿ ನಿಂತು ಆ ಮಾತನ್ನು ಕೇಳಿದನು. ಹಳ್ಳಿಯ ಹುಡುಗನನ್ನು ನೋಡಿ ಕಲಿ, ನಿನಗೇನು ಕಡಿಮೆ ಮಾಡಿದ್ದೇನೆ ಎಂದು ದಿನವೂ ಚುಚ್ಚಿದವನು ಅವನೇ. ಹಿತಕ್ಕೆಂದು ಆಡಿದ ಮಾತೇ ವಿಷದ ಬೀಜವಾಗಿತ್ತು. ಮರುದಿನ ತಂದೆಯು ಮಗನನ್ನು ಕರೆದುಕೊಂಡು ಆ ಹಳ್ಳಿಗೆ ಹೋದನು. ಮೊದಲು ತಾನೇ ಕೈಮುಗಿದನು, ಬಳಿಕ ಮಗನು ನಿಜವನ್ನು ನುಡಿದನು. ಗುರುಗಳ ಮುಂದೆ, ತರಗತಿಯ ಮುಂದೆ, ಅದೇ ಮಾತನ್ನು ಮತ್ತೊಮ್ಮೆ ನುಡಿಸಿದನು. ಕದ್ದ ವಸ್ತುವನ್ನು ಹಿಂದಿರುಗಿಸಬಹುದು. ಕಸಿದ ಮಾನವನ್ನು ಕಸಿದ ಎಡೆಯಲ್ಲಿಯೇ ಹಿಂದಿರುಗಿಸಬೇಕು. ಬಾಲಕನು ಶಾಲೆಗೆ ಮರಳಿದನೆಂದು ದೃಷ್ಟಾಂತದಲ್ಲಿ ಹೇಳುವುದು ಸುಲಭ. ಬಾಳಿನಲ್ಲಿ ಮರಳದವರೂ ಉಂಟು.

ಅನುಭವಮಂಟಪದ ನೆನಪು ಇಲ್ಲಿ ದಾರಿಯಾಗುತ್ತದೆ. ಅಲ್ಲಿ ಮಡಿವಾಳ ಮಾಚಿದೇವರಿದ್ದರು, ಅಂಬಿಗರ ಚೌಡಯ್ಯನವರಿದ್ದರು, ಅಕ್ಕಮಹಾದೇವಿಯಿದ್ದರು. ಪ್ರತಿಯೊಬ್ಬರಿಗೂ ತಮ್ಮ ಕಾಯಕ, ತಮ್ಮ ನುಡಿ, ತಮ್ಮ ಅಂಕಿತ. ಒಬ್ಬರ ಅಂಕಿತವು ಬೆಳಗಿದುದರಿಂದ ಇನ್ನೊಬ್ಬರದು ಮಂಕಾಗಲಿಲ್ಲ. ಅಂಕಿತಗಳು ಹಲವಾದರೂ ಅರಿವು ಒಂದೇ ಎಂದು ಬಲ್ಲವರಲ್ಲಿ ಮತ್ಸರಕ್ಕೆ ನೆಲೆಯಿಲ್ಲ.

ನುಡಿಯನ್ನು ಅಣಕಿಸುವ ಮಕ್ಕಳಿಗೆ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರ (1890–1999) ಕಥೆಯನ್ನು ಹೇಳಬೇಕು. ಆಗ ಔರಾದ ತಾಲೂಕಿಗೆ ಸೇರಿದ್ದ ಕಮಲನಗರದಲ್ಲಿ ಹುಟ್ಟಿದ ಪೂಜ್ಯರು, ನಿಜಾಮನ ಆಳಿಕೆಯಲ್ಲಿ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದರು. ಹಳ್ಳಿಯ ಮಗುವಿಗೆ ಅಕ್ಷರ ಬರಲೆಂದು ಅಷ್ಟು ಶ್ರಮಿಸಿದವರ ನಾಡಿನಲ್ಲಿ, ಹಳ್ಳಿಯ ಮಗುವನ್ನು ಅದರ ಕನ್ನಡಕ್ಕಾಗಿ ಹೀಯಾಳಿಸುವುದು ಆ ಶ್ರಮಕ್ಕೆ ಬಗೆದ ದ್ರೋಹವಲ್ಲವೆ?

ಗೃಹಸ್ಥರು ಸಂಜೆ ಮಗುವನ್ನು ಬಳಿ ಕುಳ್ಳಿರಿಸಿಕೊಂಡು, ಅವನಿಗೆಷ್ಟು ಅಂಕ, ನಿನಗೆಷ್ಟು ಎಂದು ಕೇಳುವುದನ್ನು ಬಿಡಲಿ. ಇಂದು ಏನು ಕಲಿತೆ, ಯಾರೊಡನೆ ಕೂಡಿ ಉಂಡೆ, ಯಾರು ಒಬ್ಬರೇ ಕುಳಿತಿದ್ದರು ಎಂದು ಕೇಳಲಿ. ಒಬ್ಬನನ್ನು ಹೊರಗಿಟ್ಟು ಉಂಡ ಬುತ್ತಿಯು ಪ್ರಸಾದವಾಗದು. ತನ್ನ ಅಂಗೈಯಲ್ಲಿ ಲಿಂಗವನ್ನು ಕಂಡವನು ನೆರೆಯ ಮಗುವಿನ ಕಣ್ಣಿನಲ್ಲಿ ಅದನ್ನು ಕಾಣದಿದ್ದರೆ, ಅವನ ಪೂಜೆ ಇನ್ನೂ ಕೈಯಲ್ಲಿಯೇ ಉಳಿದಿದೆ, ಹೃದಯವನ್ನು ಮುಟ್ಟಿಲ್ಲ.