ದೆಬೋರಳ ಆಸನವೂ ಪಂಚಾಯತಿಯ ಕುರ್ಚಿಯೂ

ಆಧಾರ: ನ್ಯಾಯಸ್ಥಾಪಕರು 4:1-10



ಇಸ್ರಾಯೇಲ್ಯರು ಕಾನಾನ್ಯರ ಅರಸನ ಕೈಕೆಳಗೆ ಇಪ್ಪತ್ತು ವರುಷ ನರಳಿದ ಕಾಲದಲ್ಲಿ, ಎಫ್ರಾಯೀಮ್ ಬೆಟ್ಟದ ಸೀಮೆಯೊಳಗೆ, ಒಂದು ಖರ್ಜೂರದ ಮರದ ಕೆಳಗೆ ದೆಬೋರಳೆಂಬ ಸ್ತ್ರೀಯು ಕೂತುಕೊಂಡು ಜನರಿಗೆ ನ್ಯಾಯ ತೀರಿಸುತ್ತಿದ್ದಳು. ಅವಳಿಗೆ ಗಂಡನಿದ್ದನು, ಅವನ ಹೆಸರು ಲಪ್ಪೀದೋತ. ಸತ್ಯವೇದವು ಅವನನ್ನು ಒಂದೇ ಸಾರಿ ಹೆಸರಿಸಿ ಮುಂದಕ್ಕೆ ಹೋಗುತ್ತದೆ. ಅವನು ಹೆಂಡತಿಯ ಬದಲಾಗಿ ಆ ಮರದ ಕೆಳಗೆ ಕೂತನೆಂದಾಗಲಿ, ನ್ಯಾಯಕ್ಕೆ ಬಂದವರಿಗೆ ಅವಳ ಪರವಾಗಿ ಉತ್ತರ ಕೊಟ್ಟನೆಂದಾಗಲಿ ಬರೆದಿಲ್ಲ. ಈ ಮೌನವನ್ನು ನಾವು ಧ್ಯಾನಿಸುವದು ಅವಶ್ಯ.

ಯಾಕಂದರೆ ಕಡೇಚೂರು ಮೊದಲಾದ ಯಾದಗಿರಿ ಸೀಮೆಯ ಹಳ್ಳಿಗಳಲ್ಲಿಯೂ ಸ್ತ್ರೀಯರಿಗೆ ಆಸನವು ಗೊತ್ತುಮಾಡಲ್ಪಟ್ಟಿದೆ. ಕರ್ನಾಟಕದ 1983ರ ಕಾನೂನು ಪಂಚಾಯತಿಗಳಲ್ಲಿ ನೂರಕ್ಕೆ 25 ಸ್ಥಾನಗಳನ್ನು ಅವರಿಗೆ ಮೀಸಲಿಟ್ಟಿತು. 1993ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿಯು ಸ್ಥಾನಗಳಲ್ಲಿಯೂ ಅಧ್ಯಕ್ಷ ಪದವಿಗಳಲ್ಲಿಯೂ ಮೂರರಲ್ಲಿ ಒಂದು ಪಾಲನ್ನು ಕೊಟ್ಟಿತು. 2010ರಲ್ಲಿ ನಮ್ಮ ರಾಜ್ಯವು ಅದನ್ನು ಅರ್ಧಕ್ಕೆ ಏರಿಸಿತು.

ಆದರೆ ಕುರ್ಚಿಯು ದೊರೆತ ಮಾತ್ರಕ್ಕೆ ಅಧಿಕಾರವು ದೊರೆಯದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಗಂಡಸರೊಳಗೆ ನೂರಕ್ಕೆ 62 ಮಂದಿ ಓದಬಲ್ಲವರಾಗಿದ್ದರೆ, ಹೆಂಗಸರೊಳಗೆ 41 ಮಂದಿ ಮಾತ್ರ. ಓದಲಾರದವಳ ಮುಂದೆ ಠರಾವಿನ ಪುಸ್ತಕವನ್ನಿಟ್ಟು "ಇಲ್ಲಿ ಹೆಬ್ಬೆಟ್ಟು ಒತ್ತು" ಅನ್ನುವದು ಸುಲಭ. ಕೂಲಿ ಮಾಡಿ ಜೀವಿಸುವವಳು ಸಭೆಗೆ ಹೋದ ದಿನ ಕೂಲಿಯನ್ನು ಕಳಕೊಳ್ಳುತ್ತಾಳೆ. ದಲಿತರ ಕೇರಿಯಿಂದ ಬಂದವಳು ಕುರ್ಚಿಯಲ್ಲಿ ಕೂತದ್ದನ್ನೇ ಸಹಿಸದವರು ಉಂಟು. ಎಲ್ಲಕ್ಕಿಂತ ಕಠಿಣವಾದ ತಡೆಯು ಮನೆಯೊಳಗಿಂದಲೇ ಬರುತ್ತದೆ. ಗಂಡನೋ ಮಗನೋ ಮೈದುನನೋ ಕಚೇರಿಗೆ ಹೋಗುತ್ತಾನೆ. ಜನರು ಅವನನ್ನೇ "ಅಧ್ಯಕ್ಷರೇ" ಎಂದು ಕರೆಯುತ್ತಾರೆ. ನಿಜವಾದ ಅಧ್ಯಕ್ಷಳು ಒಲೆಯ ಮುಂದೆ ರುಜು ಹಾಕುತ್ತಾಳೆ. ಈ ವಾಡಿಕೆಯು ದೇಶದಲ್ಲಿ ಎಷ್ಟು ಹಬ್ಬಿತೆಂದರೆ, ಕೇಂದ್ರ ಸರಕಾರವು 2023ರಲ್ಲಿ ಇದನ್ನು ವಿಚಾರಿಸುವದಕ್ಕೆ ಒಂದು ಸಮಿತಿಯನ್ನೇ ನೇಮಿಸಬೇಕಾಯಿತು.

ಸಹೋದರರೇ, "ಅವಳಿಗೇನು ತಿಳಿಯುತ್ತದೆ? ನಾನು ಸಹಾಯ ಮಾಡುತ್ತೇನಷ್ಟೆ" ಎಂದು ನೀವು ಹೇಳಬಹುದು. ಬಾರಾಕನನ್ನು ನೋಡಿರಿ. ಅವನ ಹಿಂದೆ ಹತ್ತು ಸಾವಿರ ಮಂದಿ. ಶತ್ರುವಿಗೆ ಒಂಭೈನೂರು ಕಬ್ಬಿಣದ ರಥಗಳು. ಆದರೂ ದೆಬೋರಳು ಬಾರದಿದ್ದರೆ ತಾನು ಹೋಗೆನೆಂದನು. ಅವನು ಅವಳ ಬದಲಾಗಿ ಹೋಗಲಿಲ್ಲ, ಅವಳ ಸಂಗಡ ಹೋದನು. ಸಹಾಯವೆಂದರೆ ಇದೇ. ಸಭೆಯ ದಿನ ಮಕ್ಕಳನ್ನು ನೀವು ನೋಡಿಕೊಳ್ಳಿರಿ; ಠರಾವನ್ನು ಓದಿ ಕೇಳಿಸಿರಿ; ಕಚೇರಿಯ ಬಾಗಿಲ ತನಕ ಸಂಗಡ ಹೋಗಿ ಅಲ್ಲಿಯೇ ನಿಲ್ಲಿರಿ.

ಸಹೋದರಿಯರೇ, ಓದಿಸಿ ಕೇಳದೆ ಯಾವದಕ್ಕೂ ರುಜು ಮಾಡಬೇಡಿರಿ. ಲೆಕ್ಕವು ತಪ್ಪಿದರೆ ಸರಕಾರವು ಪ್ರಶ್ನಿಸುವದು ರುಜು ಮಾಡಿದವಳನ್ನೇ. ನಮಗೇನೂ ತಿಳಿಯದೆಂದು ಕುಗ್ಗಲೂ ಬೇಡಿರಿ. ಬಾವಿಯು ಬತ್ತಿದ್ದು, ನೀರಿನ ರುಚಿ ಕೆಟ್ಟದ್ದು ಕೊಡ ಹೊರುವವಳಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಪಶ್ಚಿಮ ಬಂಗಾಳದಲ್ಲಿಯೂ ರಾಜಸ್ಥಾನದಲ್ಲಿಯೂ ವಿದ್ವಾಂಸರು ಪರೀಕ್ಷಿಸಿ, ಸ್ತ್ರೀಯರು ಮುಖ್ಯಸ್ಥರಾದ ಪಂಚಾಯತಿಗಳು ಕುಡಿಯುವ ನೀರಿಗೆ ಹೆಚ್ಚು ಕೆಲಸ ಮಾಡಿದವೆಂದು 2004ರಲ್ಲಿ ಪ್ರಕಟಿಸಿದರು. ಕಡೇಚೂರು ಬಾಡಿಯಾಳದ ಬಳಿ ಕಾರ್ಖಾನೆಗಳು ಎದ್ದಿರುವ ಈ ದಿನಗಳಲ್ಲಿ ನೀರನ್ನೂ ಗಾಳಿಯನ್ನೂ ಕುರಿತು ಧೈರ್ಯವಾಗಿ ಕೇಳುವ ಬಾಯಿ ಬೇಕಲ್ಲವೇ?

ದೇವರು ಕರೆದು ಕೂರಿಸಿದವಳನ್ನು ಎಬ್ಬಿಸುವ ಅಧಿಕಾರವು ಯಾವ ಗಂಡನಿಗೂ ಕೊಡಲ್ಪಟ್ಟಿಲ್ಲ. ಲಪ್ಪೀದೋತನ ಮೌನವನ್ನೂ ಬಾರಾಕನ ಸಂಗಾತವನ್ನೂ ಕರ್ತನು ನಮ್ಮ ಮನೆಗಳಿಗೆ ಅನುಗ್ರಹಿಸಲಿ. ಆಮೆನ್.