ಊರಿಗೆ ಬಂದವಳು

ಪಶ್ಚಿಮ ದಂಡೆಯ ಸುದ್ದಿ ಓದಿದಾಗಲೆಲ್ಲ ಈಚೆಗೆ ಒಂದೇ ಗಾದೆ ತಲೆಯಲ್ಲಿ ಸುತ್ತುತ್ತದೆ: ಊರಿಗೆ ಬಂದವಳು ನೀರಿಗೆ ಬರದೇ ಇರುವಳೇ? 2025ರ ಜುಲೈಯಲ್ಲಿ ರಾಮಲ್ಲಾ ಕಡೆಯ ಐನ್ ಸಾಮಿಯಾದ ಬಾವಿಗಳ ಮೇಲೆ ಇಸ್ರೇಲಿ ವಸಾಹತುಗಾರರು ದಾಳಿ ಮಾಡಿ ಸುತ್ತಲಿನ ಹಳ್ಳಿಗಳ ನೀರು ನಿಲ್ಲಿಸಿದರು. ಅದಕ್ಕೆ ಎರಡು ವರ್ಷ ಮೊದಲು ಹೆಬ್ರಾನ್ ದಕ್ಷಿಣಕ್ಕೆ, ಸೈನಿಕರ ಕಾವಲಿನಲ್ಲೇ ಇಸ್ರೇಲಿ ಅಧಿಕಾರಿಗಳು ಬಾವಿಯ ಬಾಯಿಗೆ ಕಾಂಕ್ರೀಟು ಸುರಿಸಿದ್ದನ್ನು ವಿಡಿಯೊದಲ್ಲಿ ಜಗತ್ತೇ ನೋಡಿತು. ಜಗಳ ನೆಲದ್ದು ಅನ್ನುತ್ತಾರೆ. ನೀರಿನದೂ ಹೌದು.

ನಮ್ಮಲ್ಲಿ ಈ ಗಾದೆ ಬರುವುದು ಹೆಚ್ಚಾಗಿ ಹಲ್ಲು ಕಡಿಯುವವರ ಬಾಯಲ್ಲಿ. 'ಬರಲಿ, ಎಲ್ಲಿಗೆ ಹೋಗ್ತಾಳೆ, ನೋಡ್ಕೋತೀನಿ' ಎಂಬ ಧಾಟಿ. ಹೊಸ ಸೊಸೆಯ ಮುಖ ನೋಡುವ ಕುತೂಹಲವಷ್ಟೇ ಇದು ಎನ್ನುವವರೂ ಉಂಟು. ಎರಡೂ ಬಾವಿಕಟ್ಟೆಯಲ್ಲಿ ಹೊಂಚು ಹಾಕಿ ಕೂತವರ ಅರ್ಥಗಳು. ಕೊಡ ಹೊತ್ತವಳ ಪಾಡು ಅವರಿಗೆ ಬೇಡ. ನನಗೆ ಕಾಣುವಂತೆ ಇದು ಊರು ಹಾಕುವ ಷರತ್ತು. ನೀರಿಗೆ ಬಾರದವಳು ಊರಿಗೂ ಬಂದಿಲ್ಲ. ದಿಬ್ಬಣದಲ್ಲಿ ಇಳಿದ ದಿನ ಅವಳು ನೆಂಟಳು. ಪಾಳಿಯಲ್ಲಿ ಕೊಡ ಇಟ್ಟು, ಹಿಂದಿನವರಿಂದ ಬೈಸಿಕೊಂಡ ದಿನ ಊರಿನವಳು.

ಮಸಾಫರ್ ಯತ್ತಾದ ಗುಡ್ಡಗಳಿಗೆ, ಪ್ಯಾಲೆಸ್ತೀನಿಯರ ಜೊತೆ ಇರಲೆಂದು ಹೊರದೇಶಗಳಿಂದ ಬರುವ ಸ್ವಯಂಸೇವಕರನ್ನು ಈ ಮಾತಿಗೆ ಹಚ್ಚಿ ನೋಡಬೇಕು. ಹೆಬ್ರಾನ್ ದಕ್ಷಿಣದ ಈ ಸಣ್ಣ ಹಳ್ಳಿಗಳ ನೆಲವನ್ನು ಇಸ್ರೇಲ್ 1980ರ ದಶಕದಲ್ಲಿ ಸೈನ್ಯದ ಗುಂಡು ಹಾರಿಸುವ ವಲಯ 918 ಎಂದು ಸಾರಿತು. 2022ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಕ್ಕಲೆಬ್ಬಿಸಲು ಅಡ್ಡಿಯಿಲ್ಲವೆಂದಿತು. ಇಲ್ಲಿ ನೀರೆಂದರೆ ಮಳೆ ಹಿಡಿಯುವ ನೆಲದೊಳಗಿನ ತೊಟ್ಟಿ. ಅದು ಬತ್ತಿದರೆ ಟ್ರ್ಯಾಕ್ಟರು ಎಳೆದು ತರುವ ಟ್ಯಾಂಕರು, ಅದಕ್ಕೆ ದುಬಾರಿ ದುಡ್ಡು. ಹೊಸ ತೊಟ್ಟಿ ಕಟ್ಟಲು ಪರವಾನಗಿ ಬೇಕು, 1967ರ ಸೇನಾ ಆದೇಶವೇ ಹಾಗಿದೆ. ಅದು ಸಿಗುವುದೋ, ದೇವರಿಗೇ ಪ್ರೀತಿ. ಕೊಳಾಯಿ ಇಲ್ಲದ ಇಂಥ ಹಳ್ಳಿಗಳಲ್ಲಿ ಒಬ್ಬರಿಗೆ ದಿನಕ್ಕೆ 26 ಲೀಟರ್ ಎಂದು ಇಸ್ರೇಲಿನದೇ ಮಾನವ ಹಕ್ಕು ಸಂಸ್ಥೆ ಬಿತ್ಸೆಲೆಮ್ 2023ರಲ್ಲಿ ಲೆಕ್ಕ ಕೊಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 100.

ಇಂಥ ಹಳ್ಳಿಯ ಮನೆಯಲ್ಲಿ ಉಳಿಯುವ ಹೊರದೇಶದ ಹುಡುಗಿಗೆ ಮೊದಲ ಪಾಠ ಕ್ಯಾಮೆರಾದ್ದಲ್ಲ, ಚೊಂಬಿನದು. ಸಕ್ಕರೆ ಮುಂದಾದ ಚಹಾ ಬೇಡವೆಂದರೂ ಬರುತ್ತದೆ. ಆ ಲೋಟವೂ 26 ಲೀಟರಿನೊಳಗಿನದೇ. ಕುಡಿಯದಿದ್ದರೆ ಅವಮಾನ, ಕುಡಿದರೆ ಋಣ. ತಲೆಸ್ನಾನ ಮುಂದಕ್ಕೆ ಹೋಗುತ್ತದೆ. ಇನ್ನು ಬೆಳಗಿನ ಕೆಲಸ. ಇಲ್ಲಿನ ತೂಬಾ ಹಳ್ಳಿಯಿಂದ ಅತ್ತುವಾನಿ ಹಳ್ಳಿಯ ಶಾಲೆಗೆ ನಡೆಯುವ ಮಕ್ಕಳ ಮೇಲೆ ವಸಾಹತುಗಾರರು ಬೀಳುತ್ತಿದ್ದುದರಿಂದ 2004ರಲ್ಲಿ ಸೇನಾ ಜೀಪಿನ ಬೆಂಗಾವಲು ಗೊತ್ತಾಯಿತು. ಆ ಜೀಪು ಹೊತ್ತಿಗೆ ಬರುತ್ತದೆಯೇ ಎಂದು ಸ್ವಯಂಸೇವಕರು ವರ್ಷಗಟ್ಟಲೆ ಗುಡ್ಡದ ಮೇಲೆ ಕಾದರು. ಬರದಿದ್ದರೆ ಸೇನೆಗೆ ಫೋನು, ಪುಸ್ತಕದಲ್ಲಿ ಹೊತ್ತಿನ ನಮೂದು, ಮತ್ತೆ ಫೋನು. ಬೇಜಾರಿನ ಕೆಲಸ. ನೀರು ಹೊರುವುದೂ ಬೇಜಾರಿನದೇ.

ಅಮೆರಿಕದ ಸ್ವಯಂಸೇವಕಿ ರೇಚೆಲ್ ಕೋರಿಯನ್ನು ಜಗತ್ತು ನೆನೆಯುವುದು 2003ರ ಮಾರ್ಚ್ 16ರಂದು ಗಾಜಾದ ರಫಾದಲ್ಲಿ ಇಸ್ರೇಲಿ ಸೇನೆಯ ಬುಲ್ಡೋಜರಿಗೆ ಸಿಕ್ಕಿ ಸತ್ತವಳೆಂದು. ಅವಳಿದ್ದ ತಂಡ ಅದಕ್ಕೂ ಮುಂಚೆ ರಫಾದ ಬಾವಿಗಳ ಬಳಿ ಕಾವಲಿಗಿತ್ತು, ದುರಸ್ತಿಗೆ ಬಂದ ನಗರಸಭೆಯ ಕೆಲಸಗಾರರ ಮೇಲೆ ಗುಂಡು ಬೀಳದಿರಲೆಂದು. ಇದನ್ನು ಯಾರೂ ಪೋಸ್ಟರ್ ಮಾಡಿ ಹಚ್ಚುವುದಿಲ್ಲ. ಹೆಗಲಿಗೆ ಪ್ಯಾಲೆಸ್ತೀನಿ ರುಮಾಲು ಕೆಫಿಯೆ ಹಾಕಿಕೊಂಡು ವಾರವೊಂದು ಸುತ್ತಿ, ಫೋಟೊ ತೆಗೆಸಿಕೊಂಡು ಮರಳುವ ನಿಯೋಗಗಳ ಬಗ್ಗೆ ನನಗೆ ಗೌರವ ಕಡಿಮೆ. ಅವರು ದಿಬ್ಬಣದವರು.

ಆದರೆ ಹೊಂಚಿನವರ ಅರ್ಥ ಅಲ್ಲಿ ಬೇರೆ ಬಗೆಯಲ್ಲಿ ನಿಜವಾಗಿದೆ. ನೀರಿಗೆ ಬರುವವರನ್ನು ಬಂದೂಕು ಹಿಡಿದು ಕಾಯುವವರಿದ್ದಾರೆ. ನೀರಿಗೆ ಬಾರದಂತೆ ಊರಿನಿಂದಲೇ ಅಟ್ಟುವವರೂ ಇದ್ದಾರೆ. 2025ರ ಅಕ್ಟೋಬರಿನಲ್ಲಿ ನಾಬ್ಲುಸ್ ಬಳಿಯ ಬುರೀನ್‌ನಲ್ಲಿ ಆಲಿವ್ ಕೊಯ್ಲಿಗೆ ಕೈಜೋಡಿಸಲು ಬಂದ ವಿದೇಶಿಯರನ್ನು ಇಸ್ರೇಲ್ ಹಿಡಿದು ಗಡೀಪಾರು ಮಾಡಿತು. ಬರುವವರು ವಿದೇಶಿಯರಷ್ಟೇ ಅಲ್ಲ. ಇಸ್ರೇಲಿ ಯಹೂದಿಗಳೂ ಪ್ಯಾಲೆಸ್ತೀನಿಯರೂ ಕೂಡಿ 2000ದಲ್ಲಿ ಕಟ್ಟಿದ ತಆಯುಶ್ ಎಂಬ ಗುಂಪಿದೆ. ಆ ಗುಂಪಿನ ಇಸ್ರೇಲಿಗಳು ಜೆರುಸಲೇಮಿನಿಂದ ಮಸಾಫರ್ ಯತ್ತಾದ ಗುಡ್ಡಗಳಿಗೆ ಹೋಗಿ ಕುರಿಗಾಹಿಗಳ ಜೊತೆ ನಡೆಯುತ್ತಾರೆ, ಮುಚ್ಚಿಹೋದ ತೊಟ್ಟಿಗಳ ಹೂಳೆತ್ತುತ್ತಾರೆ. ಬೈಗುಳ, ಏಟು, ಬಂಧನ ಅವರಿಗೂ ತಪ್ಪಿದ್ದಲ್ಲ. ಗಡೀಪಾರು ಮಾಡುವುದಾದರೆ ಅವರನ್ನು ಎಲ್ಲಿಗೆ ಮಾಡುತ್ತಾರೆ?