ಅಳತೆ ತಿಳಿದ ಪ್ರೀತಿ

ಇವತ್ತು ಒಂದು ಪ್ರಶ್ನೆ ಇಡ್ತೀನಿ. ಫೋನಲ್ಲಿ ಆರ್ಡರ್ ಮಾಡಿದ್ರೆ ನಾಳೆಗೇ ಬರೋ ಅಂಗಿಯನ್ನು ಮೂರು ರಾತ್ರಿ ಕೂತು ಹೊಲಿಯೋದು ಪ್ರೀತಿಯೋ, ಟೈಮ್ ವೇಸ್ಟೋ?

ನನ್ನ ಮಗಳಿಗೆ ಐದು ತಿಂಗಳು. ಅಮ್ಮನ ಹಳೇ ಕಾಟನ್ ಸೀರೆಯಲ್ಲಿ ಅವಳಿಗೆ ಅಂಗಿ ಹೊಲೀತೀನಿ. ಒಗೆದು ಒಗೆದು ಮೆತ್ತಗಾದ ಬಟ್ಟೆ ಅದು. ಬಾಯಿಗೆ ಹಾಕ್ಕೋತಾಳೆ ಅಂತ ಗುಂಡಿ ಇಡಲ್ಲ. ಹೊಲಿಗೆಯ ಅಂಚು ಮೈಗೆ ಒತ್ತಬಾರದು ಅಂತ ಹೊರಗಡೆಗೆ ಬಿಡ್ತೀನಿ. ಮೂರು ತಿಂಗಳಲ್ಲಿ ಅದು ಗಿಡ್ಡ ಆಗುತ್ತೆ. ಅವಳಿಗೆ ನೆನಪೂ ಇರಲ್ಲ.

ಹಾಗಂತ ಕೈಯಲ್ಲಿ ಹೊಲಿದವಳದ್ದೇ ಹೆಚ್ಚು ಪ್ರೀತಿ ಅನ್ನೋಕಾಗುತ್ತಾ? ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಯಾರದ್ದೋ ಮಕ್ಕಳ ಅಂಗಿ ಹೊಲಿಯೋ ತಾಯಿ, ಮನೆಗೆ ಬಂದು ಮಿಷನ್ ಮುಂದೆ ಮತ್ತೆ ಕೂರ್ತಾಳಾ? ತನ್ನ ಮಗುವಿಗೆ ಸಂತೆಯಲ್ಲಿ ಕೊಂಡು ತರ್ತಾಳೆ. ಅವಳ ಪ್ರೀತಿಯನ್ನು ಕಡಿಮೆ ಅನ್ನೋ ಧೈರ್ಯ ನನಗಿಲ್ಲ.

ಹನ್ನಳನ್ನು ನೋಡಿ, 1 ಸಮುವೇಲ 2:19. ಮಗ ಶೀಲೋವಿನಲ್ಲಿ, ತಾಯಿ ರಾಮಾದಲ್ಲಿ. ವರ್ಷ ವರ್ಷವೂ ಬಲಿಗೆ ಹೋಗುವಾಗ ಅವನಿಗೊಂದು ಚಿಕ್ಕ ನಿಲುವಂಗಿ ತಗೊಂಡು ಹೋಗ್ತಿದ್ದಳು. ಹುಡುಗ ಎದುರಿಗಿಲ್ಲ, ತೋಳು ಎಷ್ಟು ಉದ್ದ ಬೆಳೆದಿರಬಹುದು? ಕಳೆದ ವರ್ಷದ ಅಳತೆ ಈ ವರ್ಷಕ್ಕೆ ಬರಲ್ಲ. ಅವನನ್ನು ಮನಸ್ಸಲ್ಲಿಟ್ಟುಕೊಂಡೇ ಅಳತೆ ಹಾಕಬೇಕಿತ್ತು.

ನನಗೆ ತಿಳಿದದ್ದು ಇಷ್ಟೇ: ಪ್ರೀತಿ ಇರೋದು ಆ ಅಳತೆಯಲ್ಲಿ. ಹೊಲಿಯಿರಿ, ಕೊಳ್ಳಿರಿ, ನಿಮ್ಮವರು ಈಗ ಎಷ್ಟು ಬೆಳೆದಿದ್ದಾರೆ ಅಂತ ಗೊತ್ತಿರಲಿ. ಈ ವಾರ ಒಬ್ಬರನ್ನಾದರೂ ಹೊಸದಾಗಿ ನೋಡಿ. ಆಮೆನ್.